ಕಂತಿಯ ಚೆಕ್ಕೆ

ಕಳೆದ ಶ್ರಾವಣದಲ್ಲಿ ಒಂದು ಸೋಮವಾರ ಅವ್ವನ ಕೈಯಿಂದ ಇಷ್ಟಲಿಂಗ ಜಾರಿ ಬಿತ್ತು. ಹೈದರಾಬಾದಿನ ಕಾಚಿಗುಡದ ನಮ್ಮ ಹಳೇ ಮನೆಯ ದೇವರ ಕೋಣೆಗೆ ಈಗಲೂ ಅಜ್ಜ ಹಾಕಿಸಿದ ಶಹಾಬಾದಿ ಫರಸಿಯೇ ಇದೆ. ಅದರ ಮೇಲೆ ಬಿದ್ದ ಸದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿತು. ಓಡಿಹೋಗಿ ನೋಡಿದರೆ ಅವ್ವ ಲಿಂಗವನ್ನು ಎತ್ತಿ ಎಡ ಅಂಗೈಯಲ್ಲಿ ಇಟ್ಟುಕೊಂಡು ಬಲಗೈ ಹೆಬ್ಬೆರಳಿನಿಂದ ಅಂಚನ್ನು ಸವರುತ್ತಿದ್ದಳು. ಕಂತಿಯಲ್ಲಿ ಎಳ್ಳುಕಾಳಿನಷ್ಟು ಚೆಕ್ಕೆ ಎದ್ದಿತ್ತು.

ಕಂತಿ ಅಂದರೆ ಒಳಗಿನ ಲಿಂಗವನ್ನು ಕಾಪಾಡಲು ಬೂದಿ, ಎಣ್ಣೆ ಅರೆದು ಕಟ್ಟುವ ಕರಿಯ ಹೊದಿಕೆ. ಹಣ್ಣಾದ ನೇರಳೆಯ ಹಾಗೆ ಹೊಳೆಯುತ್ತದೆ. ಪೂಜೆಗೆ ಕೂತವರು ಆ ಹೊಳಪಿನಲ್ಲಿ ಬಿದ್ದ ದೀಪದ ಚುಕ್ಕೆಯ ಮೇಲೆ ದೃಷ್ಟಿ ನೆಡುತ್ತಾರೆ, ರೆಪ್ಪೆ ಬಡಿಯದೆ. ಅರವತ್ತು ವರ್ಷದಿಂದ ಅವ್ವ ದಿನಾ ಮಾಡಿಕೊಂಡು ಬಂದದ್ದು ಇದನ್ನೇ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಕಲಬುರಗಿ ತಲುಪಿತ್ತು. ಸೋದರಮಾವ ಫೋನು ಮಾಡಿ, "ಭಿನ್ನ ಆದದ್ದು ಪೂಜಾಕ್ಕ ಬರಂಗಿಲ್ಲ ಅಕ್ಕಾ, ಕಂತಿ ಹೊಸದಾಗಿ ಕಟ್ಟಿಸೋತನಕ ಕೈಯಾಗ ಹಿಡೀಬ್ಯಾಡ" ಅಂದ. ಪ್ರೀತಿಯಿಂದಲೇ ಅಂದದ್ದು. ಅವ್ವ ಫೋನು ಇಟ್ಟು ನನ್ನ ಕಡೆ ತಿರುಗಿದಳು. "ನೀ ಲ್ಯಾಬಿನಾಗ ಇದೇ ಕೆಲಸ ಮಾಡ್ತೀ ಅಲ್ಲೇನು, ಗೀರು ಬಿದ್ದದ್ದು, ಚೆಕ್ಕೆ ಎದ್ದದ್ದು ನೋಡೋದು? ನೀ ಹೇಳವ್ವ. ಭಿನ್ನ ಆದ್ರ ಅದು ಲಿಂಗ ಅಲ್ಲೇನು?"

ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಬರಹ ಆ ಪ್ರಶ್ನೆಗಾಗಿ.

ಅವ್ವ ಹೇಳಿದ್ದು ನಿಜ, ನನ್ನ ಕೆಲಸ ಅದೇ. ಹೈದರಾಬಾದಿನ ಪಶ್ಚಿಮದ ಅಂಚಿನಲ್ಲಿ, ಸೆಂಟ್ರಲ್ ಯೂನಿವರ್ಸಿಟಿಯೂ ಗೋಪನ್‌ಪಲ್ಲಿಯ ಟಿಐಎಫ್‌ಆರ್ ಸಂಸ್ಥೆಯೂ ಇರುವ ದಿಕ್ಕಿನಲ್ಲಿ, ಒಂದು ಲ್ಯಾಬಿನ ನಿರ್ವಾತ ಯಂತ್ರಗಳನ್ನು ನಾನು ನೋಡಿಕೊಳ್ಳುತ್ತೇನೆ. ಸ್ಟೀಲಿನ ದೊಡ್ಡ ಚೇಂಬರು, ಅದರ ನಡುವೆ ಉಗುರಿನಷ್ಟಗಲದ ತಾಮ್ರದ ಸ್ಫಟಿಕ. ಆ ತಾಮ್ರದ ಮೇಲೆ ಹೀಲಿಯಂ ಪರಮಾಣುಗಳನ್ನು ಎರಚಿ, ಅವು ತಾಗಿ ಎತ್ತೆತ್ತ ಹೋಗುತ್ತವೆ ಎಂದು ಅಳೆಯುತ್ತೇವೆ. ಇಷ್ಟೇ ಪ್ರಯೋಗ. ಇಷ್ಟಕ್ಕೆ ಬೇಕಾದ ಸಿದ್ಧತೆ ಮಾತ್ರ ಒಂದು ವ್ರತದ ಹಾಗೆ.

ಮೊದಲು ಚೇಂಬರಿಗೆ ಹೀಟಿಂಗ್ ಟೇಪು ಸುತ್ತಿ, ಮೇಲೆ ಅಲ್ಯೂಮಿನಿಯಂ ಹಾಳೆ ಹೊದಿಸಿ, ಎರಡು ಮೂರು ದಿನ ನೂರಿಪ್ಪತ್ತು, ನೂರೈವತ್ತು ಡಿಗ್ರಿಯಲ್ಲಿ ಬೇಯಿಸುತ್ತೇವೆ, ಗೋಡೆಗೆ ಅಂಟಿದ ನೀರಿನ ಹನಿಯೂ ಬಿಟ್ಟು ಹೋಗಲಿ ಅಂತ. ಪಂಪುಗಳು ಹಗಲೂ ರಾತ್ರಿ ಎಳೆದು ಎಳೆದು, ಒಳಗಿನ ಒತ್ತಡ ಹೊರಗಿನ ಗಾಳಿಯ ಹತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲಿಗೆ ಇಳಿಯಬೇಕು. ಒಮ್ಮೆ ಅವ್ವನನ್ನು ಲ್ಯಾಬಿಗೆ ಕರೆದುಕೊಂಡು ಹೋಗಿದ್ದೆ. ಗಾಜಿನ ಕಿಟಕಿಯಿಂದ ಒಳಗೆ ಇಣುಕಿ "ಏನದ ಇದರಾಗ?" ಅಂದಳು. "ಏನೂ ಇಲ್ಲವ್ವ" ಅಂದೆ. "ಅಂದ್ರ ಬಯಲು" ಅಂದಳು, ತನಗೆ ಗೊತ್ತಿರುವ ಊರಿನ ಹೆಸರು ಕೇಳಿದವಳ ಹಾಗೆ.

ಈ ಬಯಲು ಯಾಕೆ ಬೇಕೆಂದರೆ, ಸ್ವಚ್ಛ ಮೇಲ್ಮೈ ಬಹಳ ಹೊತ್ತು ಸ್ವಚ್ಛವಾಗಿ ಉಳಿಯುವುದಿಲ್ಲ. ಗಾಳಿಯ ಶತಕೋಟಿಯಲ್ಲಿ ಒಂದು ಪಾಲು ಒಳಗೆ ಉಳಿದಿದ್ದರೂ, ತಾಗಿದ್ದೆಲ್ಲ ಅಂಟುವುದಾದರೆ, ಕೆಲವೇ ಸೆಕೆಂಡುಗಳಲ್ಲಿ ಸ್ಫಟಿಕದ ಮೇಲೆ ಒಂದು ಪದರ ಮುಚ್ಚುತ್ತದೆ. ನಾವು ಇಳಿಸುವ ಒತ್ತಡದಲ್ಲಿ ಆ ಪದರ ಕೂರಲು ಮೂರು ಗಂಟೆಯ ಮೇಲಾಗುತ್ತದೆ. ನಮ್ಮ ಎಲ್ಲ ನೋಟ ಆ ಮೂರು ಗಂಟೆಯೊಳಗೆ. ಆಮೇಲೆ ಮತ್ತೆ ಆರ್ಗಾನ್ ಅಯಾನುಗಳಿಂದ ಉಜ್ಜು, ಮತ್ತೆ ಕಾಯಿಸು.

ಉಜ್ಜುವಾಗ ಮೇಲ್ಮೈ ಗುಂಡಿ ಬೀಳುತ್ತದೆ, ಕಾಯಿಸಿದಾಗ ಪರಮಾಣುಗಳು ಹರಿದಾಡಿ ಸಮತಟ್ಟಾಗುತ್ತದೆ. ಆದರೂ ಪೂರ್ತಿ ಸಮತಟ್ಟು ಎಂದೂ ಆಗದು. ಸ್ಫಟಿಕವನ್ನು ಕತ್ತರಿಸುವಾಗ ಒಂದು ಡಿಗ್ರಿಯ ಹತ್ತನೇ ಒಂದು ಭಾಗ ಓರೆಯಾದರೆ ಸಾಕು, ಸುಮಾರು ಐನೂರು ಪರಮಾಣು ಸಾಲಿಗೊಂದು ಮೆಟ್ಟಿಲು ಎದ್ದೇಳುತ್ತದೆ. ಮೆಟ್ಟಿಲು ಕೈಯ ತಪ್ಪು ಅನ್ನಬಹುದು. ಆದರೆ ಪರಮಾಣು ಇರಬೇಕಾದ ಕಡೆ ಇಲ್ಲದ ಖಾಲಿ ಜಾಗಗಳು ಯಾರ ತಪ್ಪೂ ಅಲ್ಲ. ಬಿಸಿ ಎಂಬುದು ಇರುವ ತನಕ ಪ್ರತಿ ಸ್ಫಟಿಕದೊಳಗೆ ಅಂಥ ಕೆಲವು ಜಾಗ ಇರಲೇಬೇಕು ಎಂದು ಉಷ್ಣಶಾಸ್ತ್ರದ ಲೆಕ್ಕವೇ ಹೇಳುತ್ತದೆ. ಈ ವಾಕ್ಯವನ್ನು ವಿದ್ಯಾರ್ಥಿಯಾಗಿದ್ದಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಅವ್ವನ ಪ್ರಶ್ನೆ ಬಂದ ಮೇಲೆ ಅದು ಬೇರೆಯಾಗಿ ಕೇಳತೊಡಗಿತು.

ಈಗ ಹೀಲಿಯಂ. ಈ ಅನಿಲದ ಮೊದಲ ಸುಳಿವು ಸಿಕ್ಕಿದ್ದು ನಮ್ಮ ನೆಲದ ಮೇಲೆಯೇ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣ ನೋಡಲು ಫ್ರಾನ್ಸಿನ ಖಗೋಳಶಾಸ್ತ್ರಜ್ಞ ಜಾನ್ಸೆನ್ ಗುಂಟೂರಿಗೆ ಬಂದಿದ್ದರು. ಅದೇ ದಿನ ನಮ್ಮ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಶೆಲ್ ಮೋಡಗಳ ನಡುವೆ ಸಿಕ್ಕಷ್ಟು ಹೊತ್ತಿನಲ್ಲಿ ಸೂರ್ಯನ ಅಂಚಿನ ಜ್ವಾಲೆಯ ಬೆಳಕನ್ನು ಪಟ್ಟಕದಲ್ಲಿ ಬಿಡಿಸಿ ನೋಡಿದರು. ಕೆಂಪು, ಕಿತ್ತಳೆ, ನೀಲಿ ಗೆರೆಗಳು ಕಂಡವು. ಕಿತ್ತಳೆಯದು ಸೋಡಿಯಂನ ಜಾಗದಲ್ಲಿ ಇದೆ ಎಂದುಕೊಂಡರು. ಅದು ಸೋಡಿಯಂನಿಂದ ಕೂದಲೆಳೆಯಷ್ಟು ಪಕ್ಕಕ್ಕಿದೆ ಎಂದು ಅದೇ ವರ್ಷ ಇಂಗ್ಲೆಂಡಿನಲ್ಲಿ ಲಾಕಿಯರ್ ಅಳೆದು ಹೇಳಿದರು. ಭೂಮಿಯ ಮೇಲೆ ಆ ಅನಿಲವನ್ನು ರ‍್ಯಾಮ್ಸೆ ಹಿಡಿದದ್ದು 1895ರಲ್ಲಿ. ಇರಬೇಕಾದ ಗೆರೆಯಿಂದ ಸ್ವಲ್ಪ ಸರಿದು ನಿಂತದ್ದನ್ನು ಅಳತೆಯ ತಪ್ಪೆಂದು ತಳ್ಳಿಹಾಕದೆ ನೋಡಿದ್ದರಿಂದ ಒಂದು ಮೂಲವಸ್ತು ಸಿಕ್ಕಿತು.

1930ರ ಹೊತ್ತಿಗೆ ಹ್ಯಾಂಬರ್ಗಿನಲ್ಲಿ ಆಟೊ ಸ್ಟರ್ನ್ ಮತ್ತು ಎಸ್ಟರ್ಮನ್ ಹೀಲಿಯಂ ಪರಮಾಣುಗಳನ್ನು ಲಿಥಿಯಂ ಫ್ಲೋರೈಡ್ ಸ್ಫಟಿಕದ ಮೇಲೆ ಬಿಟ್ಟು, ಅವು ಅಲೆಗಳಂತೆ ಬಾಗಿ ಗೊತ್ತಾದ ಕೋನಗಳಿಗೆ ಹೋಗುವುದನ್ನು ತೋರಿಸಿದರು. ಆ ಸ್ಫಟಿಕದ ನುಣುಪಾದ ಮುಖ ಸಿಗುವುದು ಉಜ್ಜಿದಾಗಲ್ಲ, ಸೀಳಿದಾಗ. ಒಡೆದರೇ ಅದು ಕನ್ನಡಿ. ಯಹೂದಿಯಾಗಿದ್ದ ಸ್ಟರ್ನ್ ಮೂರು ವರ್ಷದಲ್ಲಿ ಜರ್ಮನಿ ಬಿಟ್ಟು ಹೋಗಬೇಕಾಯಿತು. ಕಲಬೆರಕೆಯಿಲ್ಲದ ಜನಾಂಗ ಬೇಕೆಂದು ಹಟ ಹಿಡಿದವರ ಕಾಲ ಅದು. ಸ್ಟರ್ನ್ ಹೆಸರು ಓದುವಾಗೆಲ್ಲ ಶುದ್ಧ ಎಂಬ ಮಾತಿನ ಬಗ್ಗೆ ನನಗೆ ಭಯವಾಗುತ್ತದೆ.

ಹೀಲಿಯಂ ಯಾಕೆ ಬೇಕು, ಬೇರೆ ಯಾವುದಾದರೂ ಆಗದೇ ಎಂದು ಹೊಸಬರು ಕೇಳುತ್ತಾರೆ. ಅದು ಮುಟ್ಟುವ ರೀತಿಗಾಗಿ. ಸಣ್ಣ ರಂಧ್ರದಿಂದ ನಿರ್ವಾತಕ್ಕೆ ಚಿಮ್ಮುವ ಹೀಲಿಯಂ ಸೆಕೆಂಡಿಗೆ ಸುಮಾರು 1,750 ಮೀಟರ್ ವೇಗದಲ್ಲಿ ಬಂದರೂ, ಅದರ ಶಕ್ತಿ ತಾಮ್ರದ ಒಂದು ಪರಮಾಣುವನ್ನು ಕೀಳಲು ಬೇಕಾದದ್ದರ ಐವತ್ತರಲ್ಲಿ ಒಂದು ಪಾಲು. ಪರಮಾಣುವಿನ ನಡುವಿನ ತನಕ ಅದು ಹೋಗುವುದೇ ಇಲ್ಲ. ಮೂರು ನಾಲ್ಕು ಆಂಗ್‌ಸ್ಟ್ರಾಮ್ ಮೇಲೆಯೇ, ಎಲೆಕ್ಟ್ರಾನ್ ಮೋಡದ ತೆಳು ಅಂಚಿನಲ್ಲಿ, ತಿರುಗಿ ಹೊರಡುತ್ತದೆ. ಕೆರೆಯುವುದಿಲ್ಲ, ಅಂಟುವುದಿಲ್ಲ, ರಾಸಾಯನಿಕವಾಗಿ ಕೂಡುವುದಿಲ್ಲ. ಹೋಗುವಾಗ ಮೇಲ್ಮೈ ಬಂದಾಗ ಇದ್ದ ಹಾಗೆಯೇ ಇರುತ್ತದೆ.

ನುಣುಪಾದ ಜಾಗಕ್ಕೆ ತಾಗಿದ ಹೀಲಿಯಂ ಕನ್ನಡಿಗೆ ತಾಗಿದ ಬೆಳಕಿನ ಹಾಗೆ, ಬಂದ ಕೋನದಲ್ಲೇ ಆಚೆಗೆ ಹೋಗುತ್ತದೆ. ಆ ದಾರಿಯಲ್ಲಿ ಡಿಟೆಕ್ಟರ್ ಇಟ್ಟರೆ ಎತ್ತರವಾದ ಒಂದು ಶಿಖರ ಕಾಣುತ್ತದೆ. ಈಗ ಮೇಲ್ಮೈ ಮೇಲೆ ಒಂದು ಪರಕೀಯ ಅಣು ಬಂದು ಕೂರಲಿ. ಶಿಖರ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದೇ ಬೆರಗು. ಪ್ಲಾಟಿನಂ ಮೇಲೆ ಕೂತ ಒಂದು ಕಾರ್ಬನ್ ಮಾನಾಕ್ಸೈಡ್ ಅಣು ಸುಮಾರು 120 ಚದರ ಆಂಗ್‌ಸ್ಟ್ರಾಮ್ ಜಾಗವನ್ನೇ ಕನ್ನಡಿಯಿಂದ ಅಳಿಸಿಹಾಕುತ್ತದೆ. ಒಂದು ಪ್ಲಾಟಿನಂ ಪರಮಾಣುವಿನ ಪಾಲಿಗೆ ಬರುವ ಜಾಗ ಏಳಕ್ಕಿಂತ ಕಡಿಮೆ. ಅಂದರೆ ಒಂದು ದೋಷದ ನೆರಳು ಅದರ ಮೈಗಿಂತ ಹದಿನೈದು ಪಟ್ಟಿಗೂ ಹೆಚ್ಚು ದೊಡ್ಡದು. ಜರ್ಮನಿಯ ಯೂಲಿಷ್‌ನಲ್ಲಿ ಪೂಲ್ಸೆಮಾ ಮತ್ತು ಕೊಮ್ಸಾ ಇದನ್ನೆಲ್ಲ ವರ್ಷಗಟ್ಟಲೆ ಅಳೆದು 1989ರಲ್ಲಿ ಪುಸ್ತಕ ಮಾಡಿದರು. ಕಾರಣ ಸರಳ: ದೋಷ ದೂರದಿಂದಲೇ ಹೀಲಿಯಂ ಅನ್ನು ಮೆಲ್ಲಗೆ ಎಳೆಯುತ್ತದೆ, ಎಳೆತಕ್ಕೆ ಸಿಕ್ಕ ಪರಮಾಣು ನೇರ ದಾರಿ ಬಿಟ್ಟು ಕೊಂಚ ವಾಲುತ್ತದೆ. ಇನ್ನೂ ಒಂದು ವಿಷಯ ಅವರ ಲೆಕ್ಕದಲ್ಲಿದೆ. ಒಂಟಿಯಾಗಿ ಕೂತ ದೋಷದ ನೆರಳು ಅತಿ ದೊಡ್ಡದು. ಅಂಥವು ನೂರು ಒಟ್ಟುಗೂಡಿ ದ್ವೀಪವಾದರೆ ನೆರಳುಗಳು ಒಂದರ ಮೇಲೊಂದು ಬಿದ್ದು, ದ್ವೀಪದ ಅಂಚು ಮಾತ್ರ ಲೆಕ್ಕಕ್ಕೆ ಬರುತ್ತದೆ. ಒಂದೇ ಒಂದು ಮಗು ಬೇರೆ ಥರ ಇರುವ ಮನೆಗಳು ನನಗೆ ನೆನಪಾಗುತ್ತವೆ, ಅಂಥ ಮನೆಯಲ್ಲಿ ಇಡೀ ದಿನದ ಮಾತು ಆ ಮಗುವಿನ ಸುತ್ತಲೇ ಸುತ್ತುತ್ತಿರುತ್ತದೆ.

ಶಿಖರ ಇಳಿದದ್ದನ್ನು ನೋಡಿ ನಾವು ಅಷ್ಟು ಹೀಲಿಯಂ ಕಳೆದುಹೋಯಿತು ಅನ್ನುತ್ತೇವೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೂ ರಿಜಿಸ್ಟರಿನಲ್ಲಿ ಹಾಗೇ ಬರೆಯುತ್ತಿದ್ದೆ: ನಷ್ಟ ಇಷ್ಟು. ಒಂದು ಸಂಜೆ ಡಿಟೆಕ್ಟರನ್ನು ಕನ್ನಡಿಯ ಕೋನದಿಂದ ಎಂಟು ಹತ್ತು ಡಿಗ್ರಿ ಪಕ್ಕಕ್ಕೆ ತಿರುಗಿಸಿ ಬಿಟ್ಟು, ಚಹಾ ಕುಡಿದು ಬಂದೆ. ಪರದೆಯ ಮೇಲೆ ಮಂದವಾದ ಒಂದು ಏರಿಳಿತ ಬಿದ್ದಿತ್ತು, ನಿಧಾನ ಅಲೆಯ ಹಾಗೆ. ನೇರ ದಾರಿ ಬಿಟ್ಟವರೆಲ್ಲ ಅಲ್ಲಿದ್ದರು. ಆ ಏರಿಳಿತದ ಅಂತರ ಅಳೆದರೆ ದೋಷದ ಆಕಾರ, ಅಗಲ ತಿಳಿಯುತ್ತದೆ. ಕನ್ನಡಿಯ ಕೋನದಲ್ಲಿ ದೋಷ ಕಾಣುವುದು ಕೊರತೆಯಾಗಿ, ಒಂದು ಇಲ್ಲ ಎಂಬುದಾಗಿ. ಪಕ್ಕಕ್ಕೆ ಸರಿದು ನೋಡಿದರೆ ಅದು ಇದೆ, ತನ್ನದೇ ರೂಪದಲ್ಲಿ ಇದೆ. ಅವತ್ತಿನಿಂದ ರಿಜಿಸ್ಟರಿನಲ್ಲಿ ನಷ್ಟ ಎಂಬ ಪದ ಬರೆದಿಲ್ಲ.

ಕನ್ನಡದಲ್ಲಿ ಭಿನ್ನ ಎಂದರೆ ಒಡೆದದ್ದು, ಭಿನ್ನ ಎಂದರೆ ಬೇರೆಯಾದದ್ದು. ಎರಡಕ್ಕೂ ಒಂದೇ ಮಾತು ಯಾಕೆ ಎಂದು ಎಷ್ಟೋ ವರ್ಷ ನಾನು ಕೇಳಿಕೊಂಡಿರಲಿಲ್ಲ.

ಲ್ಯಾಬಿನಲ್ಲಿ ನನ್ನ ಜೊತೆ ಹುಕ್ಕೇರಿ ಕಡೆಯ ಜೈನರೊಬ್ಬರು ಇದ್ದಾರೆ. ಪರ್ಯೂಷಣದಲ್ಲಿ ಉಪವಾಸ ಇದ್ದೂ ಪಂಪು ಬಿಚ್ಚಿ ಜೋಡಿಸುವವರು. ಅವ್ವನ ಪ್ರಶ್ನೆಯನ್ನು ಅವರ ಮುಂದಿಟ್ಟೆ. ಅವರು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಎತ್ತಿದರು. ಜೈನರಿಗೆ ಕರ್ಮ ಬರೀ ಒಂದು ನಿಯಮವಲ್ಲ, ಸೂಕ್ಷ್ಮ ಪುದ್ಗಲ. ಅದು ಜೀವದ ಕಡೆ ಹರಿದು ಬರುತ್ತಲೇ ಇರುತ್ತದೆ. ಕ್ರೋಧ, ಮಾನ, ಮಾಯೆ, ಲೋಭ ಎಂಬ ಕಷಾಯಗಳಿದ್ದರೆ ಅಂಟುತ್ತದೆ, ಇಲ್ಲದಿದ್ದರೆ ತಾಗಿ ಹೋಗುತ್ತದೆ. ಹಸಿ ಮಣ್ಣಿನ ಮುದ್ದೆಯನ್ನು ಗೋಡೆಗೆ ಎಸೆದರೆ ಮೆತ್ತಿಕೊಳ್ಳುತ್ತದೆ, ಒಣ ಹೆಂಟೆ ಎಸೆದರೆ ಉದುರುತ್ತದೆ ಎಂಬ ಹಳೆಯ ದೃಷ್ಟಾಂತ ಹೇಳಿದರು. ಅಂಟಿಕೊಳ್ಳುವ ಕರ್ಮಕ್ಕೆ ಸಾಂಪರಾಯಿಕ, ತಾಗಿ ಹೋಗುವುದಕ್ಕೆ ಈರ್ಯಾಪಥ ಎಂದು ಹೆಸರು. "ನೋಡಿ ಮೇಡಂ, ಸಿದ್ಧ ಅಂದ್ರ ದೋಷ ಇಲ್ಲದ ಸ್ಫಟಿಕ. ಏನು ಬಂದರೂ ಅಂಟಂಗಿಲ್ಲ" ಅಂದರು.

ನನಗೆ ಈ ಮಾತು ಹಿಡಿಸಿತು, ಒಪ್ಪಿಗೆಯಾಗಲಿಲ್ಲ. ಎರಡು ದಿನ ಯೋಚಿಸಿದೆ. ಮೂರನೆಯ ದಿನ ಚೇಂಬರನ್ನು ಬೇಯಿಸುವಾಗ ಅವರಿಗೆ ಹೇಳಿದೆ: "ಸರ್, ನಮ್ಮ ಚೇಂಬರಿನಲ್ಲಿ ಒಣ ಹೆಂಟೆ ಯಾವುದು? ಗೋಡೆ ಅಲ್ಲ. ಹೀಲಿಯಂ." ಕಷಾಯ ಇಲ್ಲದ್ದು ಅದು. ಅದಕ್ಕೆ ಅಂಟು ಇಲ್ಲ ಎಂಬ ಕಾರಣಕ್ಕೇ ತಾಮ್ರದ ಮೆಟ್ಟಿಲು, ಗುಂಡಿ, ಪರಕೀಯ ಅಣು ಎಲ್ಲವನ್ನೂ ಇದ್ದ ಹಾಗೆ ನೋಡಿ ಹೇಳಲು ಅದಕ್ಕೆ ಸಾಧ್ಯ. ನೋಡಲು ಬಂದದ್ದು ಆಕ್ಸಿಜನ್ ಆಗಿದ್ದರೆ ತಾನೇ ಅಂಟಿಕೊಂಡು ಮೇಲ್ಮೈಯನ್ನೇ ಬೇರೆ ಮಾಡಿಬಿಡುತ್ತಿತ್ತು. ನಿರ್ಲಿಪ್ತಿ ಬೇಕಾದದ್ದು ನೋಡುವವರಿಗೆ. ನೋಡಿಸಿಕೊಳ್ಳುವುದು ತನ್ನ ಮೆಟ್ಟಿಲುಗಳ ಜೊತೆಗೇ ಇರಲಿ. ಅವರು ಸ್ಪ್ಯಾನರ್ ಕೆಳಗಿಟ್ಟು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಕೇವಲಿ ಅಂದ್ರೂ ನೋಡುವವನೇ" ಅಂದರು. ಎಲ್ಲವನ್ನೂ ಬಲ್ಲವನು, ಯಾವುದಕ್ಕೂ ಅಂಟದವನು. ಆ ಮಾತಿನಲ್ಲಿ ನಾವಿಬ್ಬರೂ ಹತ್ತಿರ ಬಂದೆವು.

ಎಲ್ಲ ದೋಷವೂ ಚೆಲುವು ಎಂದು ನಾನು ಹೇಳುತ್ತಿಲ್ಲ. ಚೇಂಬರಿನ ಒಳಗೋಡೆಗೆ ಬರಿಗೈ ತಾಗಿ ಬೆರಳಿನ ಜಿಡ್ಡು ಉಳಿದರೆ ನಮ್ಮ ವಾರಗಟ್ಟಲೆ ಕೆಲಸ ಹಾಳು. ಕಳೆದ ವರ್ಷ ಹೊರಗಿನಿಂದ ತರಿಸಿದ ಒಂದು ಗ್ಯಾಸ್ಕೆಟ್‌ನಲ್ಲಿ ಕಣ್ಣಿಗೆ ಕಾಣದ ಗೀರಿತ್ತು, ಒತ್ತಡ ಇಳಿಯಲೇ ಇಲ್ಲ. ಹದಿನೇಳು ಫ್ಲ್ಯಾಂಜುಗಳ ಸುತ್ತ ಒಂದೊಂದಾಗಿ ಹೀಲಿಯಂ ಊದುತ್ತಾ ಹೋದೆ. ಹದಿನಾಲ್ಕನೆಯದರ ಹತ್ತಿರ ಲೀಕ್ ಡಿಟೆಕ್ಟರ್ ಕೂಗಿತು. ಗೀರು ಎಲ್ಲಿದೆ ಎಂದು ಹೇಳಿದ್ದು ಅದೇ ಹೀಲಿಯಂ, ಆದರೆ ಆ ಗೀರನ್ನು ನಾನು ಗೌರವಿಸಲಿಲ್ಲ, ಗ್ಯಾಸ್ಕೆಟ್ ಬಿಸಾಡಿದೆ. ಸುಳ್ಳು, ಕ್ರೌರ್ಯ, ಇನ್ನೊಬ್ಬರ ಅನ್ನ ಕಸಿಯುವುದು ಇವು ಇಂಥ ಗೀರುಗಳು. ಇವನ್ನು ಭಿನ್ನತೆ ಎಂದು ಕರೆದು ಮುದ್ದು ಮಾಡಬಾರದು. ಆದರೆ ಮೆಟ್ಟಿಲು ಬೇರೆ. ರುಥೇನಿಯಂ ಲೋಹದ ಮೇಲೆ ನೈಟ್ರೋಜನ್ ಅಣು ಒಡೆಯುವುದು, ಅಮೋನಿಯಾ ತಯಾರಿಕೆಯ ಮೊದಲ ಹೆಜ್ಜೆ, ನಡೆಯುವುದು ಹೆಚ್ಚುಕಡಿಮೆ ಮೆಟ್ಟಿಲಂಚಿನಲ್ಲಿ ಮಾತ್ರ. ಡೆನ್ಮಾರ್ಕಿನ ಸಂಶೋಧಕರು 1999ರಲ್ಲಿ ಅಳೆದಾಗ ಸಮತಟ್ಟಿಗಿಂತ ಮೆಟ್ಟಿಲಂಚಿನಲ್ಲಿ ವೇಗ ಕನಿಷ್ಠ ನೂರು ಕೋಟಿ ಪಟ್ಟು ಹೆಚ್ಚಿತ್ತು. ಚೂರು ಚಿನ್ನ ಹಾಕಿ ಆ ಅಂಚುಗಳನ್ನು ಮುಚ್ಚಿದರೆ ಲೋಹ ಹೆಚ್ಚುಕಡಿಮೆ ಸತ್ತಂತೆ. ಬಂದದ್ದನ್ನೆಲ್ಲ ಹಾಗೇ ಹಿಂದಕ್ಕೆ ಕಳಿಸುವ ಕನ್ನಡಿಯಲ್ಲಿ ಏನೂ ಹುಟ್ಟುವುದಿಲ್ಲ.

ಕಾರ್ತಿಕದಲ್ಲಿ ಅವ್ವನನ್ನು ಕೊಲನುಪಾಕಕ್ಕೆ ಕರೆದುಕೊಂಡು ಹೋದೆ. ಹೈದರಾಬಾದಿನಿಂದ ಸುಮಾರು ಎಂಬತ್ತು ಕಿಲೋಮೀಟರು, ಆಲೇರು ದಾಟಿ. ಒಂದೇ ಊರಿನಲ್ಲಿ ಜೈನರ ಕುಲ್ಪಾಕಜಿ ಬಸದಿ, ರೇಣುಕಾಚಾರ್ಯರು ಲಿಂಗದಿಂದ ಉದ್ಭವಿಸಿದರೆಂದು ವೀರಶೈವರು ನಂಬುವ ಸೋಮೇಶ್ವರ ಗುಡಿ, ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳು. ತೆಲುಗು ನಾಡಿನ ನಡುವೆ ಕಲ್ಲಿನ ಮೇಲೆ ನಮ್ಮ ಅಕ್ಷರ ಕಂಡು ಅವ್ವ ಬೆರಳಿಟ್ಟು ಓದಲು ನೋಡಿದಳು.

ಸೋಮೇಶ್ವರನ ಆವರಣದಲ್ಲಿ ಸುತ್ತಮುತ್ತ ಸಿಕ್ಕ ಶಿಲ್ಪಗಳನ್ನು ಕೂಡಿಟ್ಟಿದ್ದಾರೆ. ಮೂಗು ಹೋದವು, ಕೈ ಹೋದವು, ರುಂಡವೇ ಇಲ್ಲದವು. ಪ್ರಧಾನ ಅಂಗ ಭಿನ್ನವಾದ ಮೂರ್ತಿಯನ್ನು ಪೂಜೆಯಿಂದ ತೆಗೆಯಬೇಕು, ಬೆರಳು, ಆಭರಣದಂಥ ಸಣ್ಣದಾದರೆ ಸರಿಪಡಿಸಬಹುದು, ಸ್ವಯಂಭೂ ಲಿಂಗಕ್ಕೆ ಈ ನಿಯಮವೇ ಇಲ್ಲ ಎಂದೆಲ್ಲ ಆಗಮಗಳ ಜೀರ್ಣೋದ್ಧಾರದ ಭಾಗಗಳಲ್ಲಿ ವಿವರ ಇದೆ. ಆ ನಿಯಮ ಮಾಡಿದವರನ್ನು ನಾನು ಹಗುರಾಗಿ ಕಾಣಲಾರೆ. ಊರಿನ ಗುಡಿಯನ್ನು ಯಾರೂ ಪಾಳು ಬಿಡದಿರಲಿ, ಸೋರಿದ ಮಾಡು ರಿಪೇರಿಯಾಗಲಿ ಎಂಬ ಕಾಳಜಿ ಅದರಲ್ಲಿದೆ. ಲಿಂಗ ಬಿದ್ದರೆ ಪ್ರಾಣವನ್ನೇ ಬಿಡಬೇಕೆಂಬ ಕಡುನಿಷ್ಠೆಯೂ, ಬಿದ್ದದ್ದು ಕಲ್ಲು ಮಾತ್ರ ಎಂಬ ದಿಟ್ಟ ಮಾತೂ ಎರಡೂ ನಮ್ಮ ಪರಂಪರೆಯಲ್ಲಿವೆ. ಆದರೆ ನಿಯಮ ಕನ್ನಡಿಯ ಕೋನದಲ್ಲಿ ಮಾತ್ರ ಅಳೆಯುತ್ತದೆ, ಎಷ್ಟು ಕಡಿಮೆಯಾಯಿತು ಎಂದು. ಅಲ್ಲಿ ಅವ್ವ ಮಾಡಿದ್ದನ್ನು ಅದು ಅಳೆಯಲಾರದು. ಮೊಣಕೈ ತನಕ ಮುರಿದ ಒಂದು ದೇವಿಯ ಮುಂದೆ ಆಕೆ ನಿಂತಳು, ಕೈ ಇರಬೇಕಾಗಿದ್ದ ಜಾಗದ ಗಾಳಿಯನ್ನು ಸ್ವಲ್ಪ ಹೊತ್ತು ನೋಡಿದಳು, ಸೆರಗಿನಿಂದ ಮೂರ್ತಿಯ ಪಾದದ ಧೂಳು ಒರೆಸಿದಳು. ಕೈ ಮುಗಿಯಲಿಲ್ಲ. "ಅರಿಷಿಣ ಹಚ್ಚೋರು ಯಾರೂ ಇಲ್ಲ ನೋಡು ಈಕಿಗೆ" ಅಂದಳಷ್ಟೇ.

ವಾಪಸು ಬರುವಾಗ ರಸ್ತೆ ಪಕ್ಕ ಬಂಡೆಗಳ ರಾಶಿ. ಈ ಸೀಮೆಯ ಗ್ರಾನೈಟು ಸುಮಾರು 250 ಕೋಟಿ ವರ್ಷ ಹಳೆಯದು. ಒಂದೇ ಹಾಸಾಗಿದ್ದ ಕಲ್ಲಿನ ಬಿರುಕುಗಳಲ್ಲಿ ನೀರು ಇಳಿದು ಇಳಿದು, ಅಂಚು ಸವೆದು, ಒಂದರ ಮೇಲೊಂದು ನಿಂತ ಗುಂಡುಗಳಾದವು. ಬಿರುಕು ಬಿಡದೆ ಇದ್ದಿದ್ದರೆ ಇಲ್ಲಿ ನೋಡಲು ಬಯಲು ಬಂಡೆ ಮಾತ್ರ ಇರುತ್ತಿತ್ತು. ಅವ್ವ ಕಾರಿನ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು, ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಒಂದು ಕೈ ಹಿಡಿದುಕೊಂಡೇ ಇತ್ತು.

ಕಂತಿ ಹೊಸದಾಗಿ ಕಟ್ಟಿಸಲಿಲ್ಲ. ಕಟ್ಟಿಸಬೇಡ ಎಂದು ನಾನೇನೂ ಹೇಳಲಿಲ್ಲ. ಹೀಲಿಯಂ, ಮೆಟ್ಟಿಲು, ಪಕ್ಕಕ್ಕೆ ಸರಿಸಿದ ಡಿಟೆಕ್ಟರು ಎಲ್ಲ ನನಗೆ ತಿಳಿದಂತೆ ಹೇಳಿದೆ, ಅವ್ವ ಅಕ್ಕಿ ಆರಿಸುತ್ತಾ ಕೇಳಿದಳು. "ಮುಟ್ಟಿದರೂ ಮುಟ್ಟದಂಗ ಹೋಗ್ತದ ಅಂತೀ ಅದು?" ಅಂತ ಒಂದು ಸಲ ಕೇಳಿದಳು. ಹೌದು ಅಂದೆ. ಮೊರ ಕೆಳಗಿಟ್ಟು ಸ್ವಲ್ಪ ಹೊತ್ತು ಏನೋ ಯೋಚಿಸಿ ಮತ್ತೆ ಅಕ್ಕಿಗೆ ಕೈ ಹಾಕಿದಳು. ಮಾವನಿಗೆ ತಾನೇ ಫೋನು ಮಾಡಿ ಏನು ಹೇಳಿದಳೋ ಗೊತ್ತಿಲ್ಲ, ಆತ ಆಮೇಲೆ ಆ ವಿಷಯ ಎತ್ತಿಲ್ಲ.

ಮೊನ್ನೆ ಬೆಳಗ್ಗೆ ಆಕೆ ಪೂಜೆಗೆ ಕೂತಾಗ ದೀಪದ ಬತ್ತಿ ಸರಿಮಾಡಲು ಹೋದೆ. ವಿಭೂತಿ ಹಚ್ಚಿದ ಅಂಗೈ ಮೇಲೆ ಲಿಂಗ, ಅದರ ಕರಿ ಮೈ ಮೇಲೆ ದೀಪದ ಚುಕ್ಕೆ. ಪಕ್ಕದಲ್ಲಿ, ಚೆಕ್ಕೆ ಎದ್ದ ಅಂಚಿನಲ್ಲಿ, ಇನ್ನೊಂದು ಸಣ್ಣ ಮಿಣುಕು. ದೀಪವನ್ನು ಒಂದಿಷ್ಟು ಎಡಕ್ಕೆ ಸರಿಸಿದೆ. ಮಿಣುಕು ಮಾಯವಾಗಿ ದೊಡ್ಡ ಚುಕ್ಕೆ ಒಂದೇ ಉಳಿಯಿತು.

"ಸರಿಸಬ್ಯಾಡ" ಅಂದಳು ಅವ್ವ, ಕಣ್ಣು ತೆಗೆಯದೆ. "ಮೊದಲಿದ್ದಲ್ಲೇ ಇಡು. ಎರಡೂ ಕಾಣಬೇಕು."